ಮಳೆ ಬಂದ್ರೆ ಹೋಗುತ್ತೆ ಕರೆಂಟು: 12 ವಾರದ ಡಚ್ ಕ್ಲಾಸ್ ಹೇಗಿತ್ತು ಅಂದ್ರೆ

ಮೊದಲು ಅಂಕ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಟೀಚರಿಗೆ ಐದಕ್ಕೆ ನಾಲ್ಕೂವರೆ. ಸಂಸ್ಥೆಯ ಆ್ಯಪಿಗೆ ಎರಡು. ಆಫೀಸಿನವರಿಗೆ ಒಂದು, ಅದೂ ದುಡ್ಡು ಕಟ್ಟಿದ ಐದೇ ನಿಮಿಷಕ್ಕೆ ರಸೀದಿ ಕಳಿಸಿದರು ಅನ್ನುವ ಕಾರಣಕ್ಕೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಆ ಟೀಚರ್ ಇನ್ನೂ ಅಲ್ಲೇ ಪಾಠ ಮಾಡುತ್ತಿದ್ದಾರೆ, ನನ್ನಿಂದ ಅವರಿಗೆ ತೊಂದರೆ ಆಗುವುದು ಬೇಡ. ಆದರೆ ಆನ್‌ಲೈನಿನಲ್ಲಿ ಡಚ್ ಕಲಿಯಬೇಕು ಅಂತಿರುವ ಕನ್ನಡದವರು ಇದನ್ನು ಓದಿದರೆ ಸ್ವಲ್ಪ ದುಡ್ಡು ಉಳಿಯಬಹುದು, ತಲೆನೋವಂತೂ ಜಾಸ್ತಿಯೇ ಉಳಿಯುತ್ತದೆ.

ನಮ್ಮ ಮನೆ ಸೋಮವಾರಪೇಟೆ ತಾಲ್ಲೂಕಿನಲ್ಲಿ, ಶಾಂತಳ್ಳಿ ಕಡೆ. ಅಲ್ಲಿಯ ಮಳೆ ಗೊತ್ತಿದ್ದವರಿಗೆ ಬೇರೆ ವಿವರ ಬೇಡ. ಗಂಡ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾರೆ, ವರ್ಷದ ಕೊನೆಗೆ ನಾನೂ ಹೋಗಬೇಕು. ಅವರದು ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪರ್ಮಿಟ್, ಅಂದರೆ ಪರಿಣತ ಕೆಲಸಗಾರರಿಗೆ ಕೊಡುವ ಪರವಾನಗಿ, ಹಾಗಾಗಿ ಹೆಂಡತಿಗೆ ವೀಸಾಕ್ಕೆ ಮುಂಚೆ ಭಾಷಾ ಪರೀಕ್ಷೆ ಬರೆಯುವ ಕಷ್ಟ ಇಲ್ಲ. ಅಂಗಡಿಗೆ, ಬಸ್ಸಿಗೆ ಇಂಗ್ಲಿಷ್ ಸಾಕಂತೆ. ಆದರೆ ಇಷ್ಟು ವರ್ಷ ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆದವಳು ನಾನು, ಅಲ್ಲಿ ಹೋಗಿ ಕಿಟಕಿ ನೋಡುತ್ತಾ ಕೂರುವುದು ನನ್ನಿಂದ ಆಗದ ಕೆಲಸ. ಲೆಕ್ಕದ ಕೆಲಸ ಬೇಕೆಂದರೆ ಡಚ್ ಬೇಕು. ಮಾವನಿಗೆ ವಿಷಯ ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟು, "ಮಲಬಾರಿಂದ ಕಾಫಿ ಗಿಡ ಹೊತ್ಕೊಂಡು ಹೋಗಿ ಜಾವಾದಲ್ಲಿ ನೆಟ್ಟವರ ಭಾಷೆ ಅಲ್ವೇನಮ್ಮ ಅದು?" ಅಂದರು. ಮಾತು ನಿಜವೇ, 1690ರ ದಶಕದಲ್ಲಿ ಡಚ್ಚರು ಹಾಗೆ ಗಿಡ ಸಾಗಿಸಿದ್ದು ಹೌದು. ಇನ್ನೂ ಅದೇ ಸಿಟ್ಟಿನಲ್ಲಿದ್ದಾರೋ ಏನೋ.

ಕೋರ್ಸು 12 ವಾರ, ವಾರಕ್ಕೆ ಎರಡು ಕ್ಲಾಸು, ಒಂದೊಂದು ಒಂದು ಗಂಟೆ. ಒಟ್ಟು 16,800 ರೂಪಾಯಿ, ಅಂದರೆ ಕ್ಲಾಸಿಗೆ 700. ನಾವು ಎಂಟು ಜನ, ಎಲ್ಲರೂ ಇಂಡಿಯಾದವರೇ, ಆದರೆ ಯಾರ ಮನೆಮಾತೂ ಇಂಗ್ಲಿಷ್ ಅಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಮಾತು. ಡಚ್ ಪದಗಳನ್ನು ನಾನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ನೋಟ್‌ಬುಕ್ಕಿನಲ್ಲೂ ಹಾಗೇ. ಅವರ ಜೀ ಅಕ್ಷರ ಗಂಟಲಿನಿಂದ ಬರುತ್ತದೆ, ಅದಕ್ಕೆ ಖ ಹಾಕಿದ್ದೇನೆ. ಸರಿಯಾದ ಖ ಅಲ್ಲ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಾಗ ಬರುವ ಖ. ಗಂಡ ಇರುವ ಐಂಡ್‌ಹೋವನ್ ಕಡೆ, ಬೆಲ್ಜಿಯಂ ಕಡೆ ಅದು ಮೆತ್ತಗಿರುತ್ತದೆ. ನಮ್ಮ ಟೀಚರ್ ಉಟ್ರೆಖ್ಟ್‌ನವರು, ಅವರದು ಗಟ್ಟಿ.

ಈಗ ನಾನು ಎಡವಿದ ಜಾಗಕ್ಕೆ ಬರೋಣ, ಅದು "ಬಂದರೆ-ಹೋದರೆ" ವಾಕ್ಯಗಳು. ಡಚ್ಚಿನಲ್ಲಿ ಇದಕ್ಕೆ ಆಲ್ಸ್ ಅನ್ನುವ ಪದ ಇದೆ. ಆಲ್ಸ್ ಬಂತು ಅಂದರೆ ಆ ಅರ್ಧ ವಾಕ್ಯದ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಮುಂದಿನ ಅರ್ಧದಲ್ಲಿ ಕ್ರಿಯಾಪದ ಓಡಿ ಬಂದು ಮೊದಲೇ ನಿಲ್ಲುತ್ತದೆ, ಕರ್ತೃ ಅದರ ಹಿಂದೆ. ಹೇಳುವುದು ಸುಲಭ. ಬಾಯಲ್ಲಿ ಬರಿಸುವುದು ಕಷ್ಟ.

ಆ ಕ್ಲಾಸೇ ನನಗೆ ತಪ್ಪಿಹೋಯಿತು. ನಾನು ಸೇರಿದ್ದು ಫೆಬ್ರವರಿ ಮಧ್ಯದಲ್ಲಿ. ಅವರಿಗೆ ಸಂಜೆ ಐದು ಅಂದರೆ ನಮಗೆ ರಾತ್ರಿ ಒಂಬತ್ತೂವರೆ. ಮಾರ್ಚ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನಾಲ್ಕೂವರೆ ಗಂಟೆಯ ಅಂತರ ಮೂರೂವರೆ ಆಗುತ್ತದೆ, ಒಂಬತ್ತೂವರೆಯ ಕ್ಲಾಸು ಎಂಟೂವರೆಗೆ ಬರುತ್ತದೆ, ಇದನ್ನು ಎಂಟು ಜನರಿಗೆ ಒಂದು ಸಾಲಿನ ಮೆಸೇಜ್ ಹಾಕಿ ತಿಳಿಸುವಷ್ಟು ವ್ಯವಧಾನ ಆ ಆಫೀಸಿನಲ್ಲಿ ಒಬ್ಬರಿಗೂ ಇರಲಿಲ್ಲ. ನಾನು ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಸರಿಯಾಗಿ ಒಂಬತ್ತೂವರೆಗೆ ಲಾಗಿನ್ ಆದರೆ ಎಲ್ಲರೂ ಕೈ ಬೀಸುತ್ತಾ "ತೋಟ್ ಝೀನ್ಸ್" ಅನ್ನುತ್ತಿದ್ದರು. ಹೋಗಿ ಬರುತ್ತೇವೆ ಅಂತ. ನನ್ನನ್ನು ಸ್ವಾಗತಿಸುತ್ತಿದ್ದಾರೆ ಅಂದುಕೊಂಡು ನಾನೂ ನಗುತ್ತಾ ಕೈ ಬೀಸಿದೆ.

ದುಡ್ಡು ವಾಪಸ್ ಕೊಡಿ ಅಂತ ಕೇಳಲಿಲ್ಲ, ಆ ಒಂದು ಕ್ಲಾಸು ಬೇರೆ ಬ್ಯಾಚಿನಲ್ಲಿ ಕೂರಲು ಬಿಡಿ ಅಂದೆ. ನಿಯಮದಲ್ಲಿ ಇಲ್ಲ ಅಂತ ಉತ್ತರ ಬಂತು. ಮೇಲ್ ಕೊನೆಯಲ್ಲಿ ಡಚ್ಚಿನಲ್ಲಿ ಒಂದು ಸಾಲು: "ಮೋಖ್ಟ್ ಊ ಫ್ರಾಖನ್ ಹೆಬ್ಬನ್..." ಒಂದು ವೇಳೆ ನಿಮಗೇನಾದರೂ ಪ್ರಶ್ನೆ ಇದ್ದರೆ ಸಂಪರ್ಕಿಸಿ, ಅಂತ. ಪ್ರಶ್ನೆ ಇತ್ತು. ಸಂಪರ್ಕಿಸಿದೆ. ಈವರೆಗೂ ಉತ್ತರ ಇಲ್ಲ. ಆ ಸಾಲಿನಿಂದ ಒಂದು ಉಪಕಾರ ಮಾತ್ರ ಆಯಿತು. ಆಲ್ಸ್ ಇಲ್ಲದೆಯೂ ಮೋಖ್ಟ್ ಅನ್ನುವುದನ್ನು ಮೊದಲಿಗೆ ಹಾಕಿ "ಒಂದು ವೇಳೆ" ಅನ್ನುವ ಅರ್ಥ ತರಬಹುದು ಅಂತ ಅವತ್ತೇ ಕಲಿತೆ. ಇನ್ನು ಮರೆಯುವುದೂ ಇಲ್ಲ.

ರೆಕಾರ್ಡಿಂಗ್ ಏಳು ದಿನ ಮಾತ್ರ ಇರುತ್ತದೆ, ಆಮೇಲೆ ಮಾಯ. ನಮ್ಮ ಮನೆಯಲ್ಲಿ ವಿಡಿಯೋ ನೋಡುವಷ್ಟು ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ. ಎರಡು ಸಂಜೆ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಸ್ಲೈಡುಗಳೆಲ್ಲ ಇಂಗ್ಲಿಷ್. ಇಂಗ್ಲಿಷ್ ವ್ಯಾಕರಣದಲ್ಲಿ ಝೀರೋ, ಫಸ್ಟ್, ಸೆಕೆಂಡ್, ಥರ್ಡ್ ಅಂತ ನಾಲ್ಕು ಥರದ ಷರತ್ತಿನ ವಾಕ್ಯ ಮಾಡಿರುತ್ತಾರಲ್ಲ, ಅದೇ ಪಟ್ಟಿಯನ್ನು ತಂದು ಡಚ್ ಮೇಲೆ ಹೊದಿಸಿದ್ದರು. ನನಗೆ ಇಂಗ್ಲಿಷಿನ ಆ ನಾಲ್ಕೇ ಇನ್ನೂ ಸರಿಯಾಗಿ ಬರಲ್ಲ. ಮೊದಲು ಅದನ್ನು ಕಲಿತು, ಆಮೇಲೆ ಇದನ್ನು ಕಲಿಯಬೇಕಾ? ಸೋಮವಾರಪೇಟೆಯಿಂದ ಮಡಿಕೇರಿಗೆ ಹೋಗಲು ಮೈಸೂರು ಸುತ್ತಿ ಬಂದ ಹಾಗೆ.

ಟೀಚರ್ ಜಾಣೆ ಅಂತ ಗೊತ್ತಾಗಿದ್ದು ಮುಂದಿನ ವಾರ. ಏಪ್ರಿಲ್ ಶುರು, ಸಂಜೆ ಗುಡುಗು ಮಳೆ. ಅವತ್ತು ಎಲ್ಲರೂ ತಮ್ಮ ಊರಿನ ಬಗ್ಗೆ ಒಂದು ಆಲ್ಸ್ ವಾಕ್ಯ ಹೇಳಬೇಕಿತ್ತು. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಹೇಗೋ ಉಳಿದೆ, ಮೈಕ್ ಆನ್ ಇತ್ತು. ಅಡುಗೆಮನೆಯಿಂದ ಅತ್ತೆಯ ಧ್ವನಿ: "ಮಳೆ ಬಂದ್ರೆ ಹೋಗುತ್ತೆ ನೋಡು ಕರೆಂಟು! ಹನಿ ಬೀಳೋದೇ ತಡ!" ಆ ಕಡೆಯಿಂದ ಟೀಚರ್, ಏನಂದರು ಅವರು ಅಂತ ಕೇಳಿದರು. ನಾನು ಒಂದೊಂದೇ ಪದ ಬಿಡಿಸಿ ಹೇಳಿದೆ. ಮಳೆ. ಬಂದರೆ. ಹೋಗುತ್ತದೆ. ಕರೆಂಟು. ಅವರು ಒಂದು ಕ್ಷಣ ಸುಮ್ಮನಾದರು, ಆಮೇಲೆ ಜೋರಾಗಿ ನಕ್ಕು, ನಿಮ್ಮ ಅತ್ತೆ ಡಚ್ ಮಾತಾಡುತ್ತಾರೆ ಅಂದರು.

ಬೋರ್ಡಿನಲ್ಲಿ ಬರೆದರು: ಆಲ್ಸ್ ಹೆಟ್ ರೇಖಂಟ್, ಫಾಲ್ಟ್ ದ ಸ್ಟ್ರೋಮ್ ಔಟ್. ರೇಖಂಟ್ ಅಂದರೆ ಮಳೆ ಬರುವುದು, ಸ್ಟ್ರೋಮ್ ಅಂದರೆ ಕರೆಂಟು, ಫಾಲ್ಟ್ ಔಟ್ ಅಂದರೆ ಹೋಗುತ್ತದೆ. ಅತ್ತೆಯ ಮಾತಿನಲ್ಲಿ "ಬಂದ್ರೆ ಹೋಗುತ್ತೆ" ಹೇಗೆ ಒಂದಕ್ಕೊಂದು ಅಂಟಿಕೊಂಡಿವೆಯೋ ಹಾಗೇ ಇಲ್ಲಿ ರೇಖಂಟ್, ಫಾಲ್ಟ್. ನಡುವೆ ಬರೀ ಒಂದು ಕಾಮಾ. ಅವರ ಸೂತ್ರ ಇಷ್ಟೇ: ಕ್ರಿಯಾಪದ, ಕಾಮಾ, ಕ್ರಿಯಾಪದ. ನಾವು ಸಾಮಾನ್ಯವಾಗಿ "ಮಳೆ ಬಂದ್ರೆ ಕರೆಂಟ್ ಹೋಗುತ್ತೆ" ಅನ್ನುತ್ತೇವೆ. ಸಿಟ್ಟು ಬಂದಾಗ "ಹೋಗುತ್ತೆ ಕರೆಂಟು" ಅಂತ ತಿರುಗಿಸುತ್ತೇವೆ. ಡಚ್ಚರು ಸಿಟ್ಟಿಲ್ಲದೆಯೂ ತಿರುಗಿಸುತ್ತಾರೆ. ನನ್ನ ಪಾಲಿಗೆ ಇಡೀ ವಿಷಯ ಅಷ್ಟೇ ಆಗಿಹೋಯಿತು.

ಅವತ್ತು ರಾತ್ರಿ ಕೂತು ಯೋಚಿಸಿದೆ. ಇಂಗ್ಲಿಷ್ ಮಾತಾಡುವವರಿಗೆ ಈ ವಾಕ್ಯದ ಎರಡೂ ಅರ್ಧ ಹೊಸದು. ನಮಗೆ ಒಂದೇ ಅರ್ಧ ಹೊಸದು. ವರ್ಕ್‌ಶೀಟಿನಲ್ಲಿ ಗಂಡ ರೈಲಿನಲ್ಲಿ ಬರುವ ಒಂದು ವಾಕ್ಯ ಇತ್ತು. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಹಾಗಾಗಿ ಬಸ್ ಮಾಡಿಕೊಂಡೆ. ಆಲ್ಸ್ ಮೈನ್ ಮಾನ್ ಮೋರ್ಖನ್ ಮೆಟ್ ದ ಬಸ್ ಕೋಮ್ಟ್, ಮಾಕ್ ಇಕ್ ಅಕ್ಕಿ ರೊಟ್ಟಿ. ಮೊದಲ ಅರ್ಧ ನೋಡಿ: ನನ್ನ ಗಂಡ, ನಾಳೆ, ಬಸ್ಸಿನಲ್ಲಿ, ಬಂದರೆ. ಇದ್ದ ಹಾಗೇ ಕನ್ನಡದ ಸಾಲು! "ರೆ" ಅನ್ನುವುದು ನಮ್ಮಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ಅವರಲ್ಲಿ ಆಲ್ಸ್ ಆಗಿ ಮುಂದೆ ನಿಲ್ಲುತ್ತದೆ, ವ್ಯತ್ಯಾಸ ಅಷ್ಟೇ. ಕ್ಲಾಸಿನಲ್ಲಿದ್ದ ಎಂಟೂ ಜನರ ಮನೆಮಾತಿನಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ಆದರೂ ಎಲ್ಲರೂ ಇಂಗ್ಲಿಷಿನಲ್ಲಿ ಯೋಚಿಸಿ, ಬರುತ್ತಾನೆ ಅನ್ನುವುದನ್ನು ಗಂಡನ ಪಕ್ಕಕ್ಕೆ ಎಳೆದು ತಂದು, ಟೀಚರ್ ಕೈಲಿ ಬೈಸಿಕೊಳ್ಳುತ್ತಿದ್ದೆವು. ಬೈಸಿಕೊಳ್ಳುವುದು ಅಂದರೆ, ಅವರು ಹುಬ್ಬು ಏರಿಸುತ್ತಾರೆ, ಅಷ್ಟೇ.

ಎರಡನೇ ಅರ್ಧ ಯಾಕೆ ತಿರುಗುತ್ತದೆ ಅನ್ನುವುದಕ್ಕೆ ಟೀಚರ್ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಡಚ್ ವಾಕ್ಯವನ್ನು ಬಸ್ಸು ಅಂದುಕೊಳ್ಳಿ. ಮೊದಲ ಸೀಟಿನಲ್ಲಿ ಯಾರು ಬೇಕಾದರೂ ಕೂರಬಹುದು. ಎರಡನೇ ಸೀಟು ಕ್ರಿಯಾಪದಕ್ಕೆ ರಿಸರ್ವ್. ಆಲ್ಸ್ ಇರುವ ಇಡೀ ತುಂಡು, ಗಂಡ, ನಾಳೆ, ಬಸ್ಸು, ಚೀಲ, ಕೋಳಿ ಎಲ್ಲ ಸೇರಿ, ಒಂದೇ ಟಿಕೆಟ್ಟಿನಲ್ಲಿ ಮೊದಲ ಸೀಟಿನಲ್ಲಿ ಕೂತಿರುತ್ತದೆ. ಆಗ ಎರಡನೇ ಸೀಟಿನಲ್ಲಿ ಮಾಕ್. ಇಕ್, ಅಂದರೆ ನಾನು, ಮೂರನೇ ಸೀಟಿಗೆ ಹೋಗಲೇಬೇಕು. ಆಲ್ಸ್ ತುಂಡು ಹಿಂದಿನ ಬಾಗಿಲಿನಿಂದ ಹತ್ತಿದರೆ ಈ ಗಲಾಟೆಯೇ ಇಲ್ಲ: ದ ಸ್ಟ್ರೋಮ್ ಫಾಲ್ಟ್ ಔಟ್ ಆಲ್ಸ್ ಹೆಟ್ ರೇಖಂಟ್. ಪರೀಕ್ಷೆಯಲ್ಲಿ ಭಯ ಆದರೆ ಹೀಗೆ ಹೇಳಿ ಪಾರಾಗಬಹುದು. ಟೀಚರಿಗೆ ಮಾತ್ರ ಈ ಉಪಾಯ ಗೊತ್ತಾಗಿಬಿಡುತ್ತದೆ.

ಫಾಲ್ಟ್ ಔಟ್ ಇನ್ನೊಂದು ಆಟ ಆಡುತ್ತದೆ. ಕರೆಂಟು ಹೋಗುವುದು ಎರಡನೇ ಅರ್ಧದಲ್ಲಿದ್ದರೆ ಫಾಲ್ಟ್ ಮುಂದೆ ಓಡುತ್ತದೆ, ಔಟ್ ಕೊನೆಯಲ್ಲೇ ಉಳಿಯುತ್ತದೆ. ಅದೇ ಆಲ್ಸ್ ತುಂಡಿಗೆ ಬಂದರೆ ಎರಡೂ ಕೊನೆಯಲ್ಲಿ ಒಂದಾಗಿ ಔಟ್‌ಫಾಲ್ಟ್ ಆಗುತ್ತವೆ: ಆಲ್ಸ್ ದ ಸ್ಟ್ರೋಮ್ ಔಟ್‌ಫಾಲ್ಟ್, ಸ್ಟೋಪ್ಟ್ ದ ಲೆಸ್. ಕರೆಂಟ್ ಹೋದರೆ ಪಾಠ ನಿಲ್ಲುತ್ತದೆ. ಕೊಡಗಿನಲ್ಲಿ ಕೂತು ಡಚ್ ಕಲಿಯುವವರಿಗೆ ಇದಕ್ಕಿಂತ ಉಪಯೋಗದ ವಾಕ್ಯ ಇನ್ನೊಂದಿಲ್ಲ.

ಆಲ್ಸ್ ಪೂರ್ತಿ ಬಿಟ್ಟು ಹೇಳುವ ದಾರಿಯೂ ಇದೆ. ರೇಖಂಟ್ ಹೆಟ್, ಡಾನ್ ಫಾಲ್ಟ್ ದ ಸ್ಟ್ರೋಮ್ ಔಟ್. ಕ್ರಿಯಾಪದ ಎಲ್ಲರಿಗಿಂತ ಮೊದಲು, ನೋಡಲು ಪ್ರಶ್ನೆಯ ಹಾಗೆ. ಡಾನ್ ಅಂದರೆ ಆಗ, ಹಾಗಾದರೆ. ಇದು ಕಷ್ಟ ಅಂತ ಸ್ಲೈಡಿನಲ್ಲಿ ಕೆಂಪು ಬಣ್ಣದಲ್ಲಿ ಹಾಕಿದ್ದರು. ಯಾಕೆ ಕಷ್ಟ? "ಮಳೆ ಬಂತಾ, ಕರೆಂಟ್ ಹೋಯ್ತು ಅಂತಲೇ ಲೆಕ್ಕ" ಅಂತ ನಾವು ದಿನಾ ಹೇಳಲ್ವಾ? ಅಲ್ಲೂ ಪ್ರಶ್ನೆಯ ವೇಷದಲ್ಲಿ ಬಂದಿರುವುದು "ರೆ"ಯೇ.

ನಡೆಯದೇ ಹೋದದ್ದರ ಬಗ್ಗೆ ಮಾತಾಡಲು ನನಗೆ ಮಾವನೇ ಪಠ್ಯಪುಸ್ತಕ. ತೋಟದವರ ಮನೆಯಲ್ಲಿ ಇದಕ್ಕೆ ಬರವಿಲ್ಲ. ಹೂ ಮಳೆ ಸರಿಯಾದ ಹೊತ್ತಿಗೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ಕೆರೆಯಲ್ಲಿ ನೀರು ಎಷ್ಟಿದೆ ಅನ್ನುವ ಲೆಕ್ಕ. ಈ ಸಲ ತಡವಾಯಿತು. "ಮಾರ್ಚಲ್ಲೇ ಮಳೆ ಬಂದಿದ್ರೆ ಫಸಲು ಚೆನ್ನಾಗಿರ್ತಿತ್ತು" ಅಂತ ಅವರು ದಿನಕ್ಕೆ ಮೂರು ಸಲ ಹೇಳುತ್ತಾರೆ. ನಾನು ಡಚ್ ಮಾಡಿದೆ: ಆಲ್ಸ್ ಹೆಟ್ ಇನ್ ಮಾರ್ಟ್ ಖರೇಖಂಟ್ ಹಾಟ್, ವಾಸ್ ದ ಓಖ್ಸ್ಟ್ ಬೇಟರ್ ಖವೇಸ್ಟ್. ಆಲ್ಸ್ ಬಿಟ್ಟರೆ ಹಾಟ್ ಅನ್ನುವುದು ಮುಂದೆ ಬರುತ್ತದೆ: ಹಾಟ್ ಹೆಟ್ ಇನ್ ಮಾರ್ಟ್ ಖರೇಖಂಟ್, ಡಾನ್ ವಾಸ್ ದ ಓಖ್ಸ್ಟ್ ಬೇಟರ್ ಖವೇಸ್ಟ್. ಮಾವನಿಗೆ ಓದಿ ಹೇಳಿದೆ. ಫಸಲಿಗೆ ಅವರು ಓಖ್ಸ್ಟ್ ಅನ್ನುತ್ತಾರಾ, ಕೆಮ್ಮಿದ ಹಾಗಿದೆಯಲ್ಲ ಅಂದರು.

ಆ್ಯಪ್ ಮೇಲಿನ ನನ್ನ ಸಿಟ್ಟಿಗೆ ಕಾರಣ ಇದೇ ವಾಕ್ಯ. ಕೊನೆಯಲ್ಲಿ ಎರಡು ಕ್ರಿಯಾಪದ ಇದ್ದಾಗ "ಖರೇಖಂಟ್ ಹಾಟ್" ಅಂದರೂ ಸರಿ, "ಹಾಟ್ ಖರೇಖಂಟ್" ಅಂದರೂ ಸರಿ. ಮೊದಲನೆಯದಕ್ಕೆ ಹಸಿರು ಕ್ರಮ, ಎರಡನೆಯದಕ್ಕೆ ಕೆಂಪು ಕ್ರಮ ಅಂತ ಡಚ್ ವ್ಯಾಕರಣದಲ್ಲೇ ಹೆಸರಿದೆ. ನಮ್ಮ "ಬಂದಿದ್ದರೆ"ಯಲ್ಲೂ "ಬಂದು" ಮೊದಲು, "ಇದ್ದರೆ" ಆಮೇಲೆ, ಹಾಗಾಗಿ ನನಗೆ ಹಸಿರೇ ಬಾಯಿಗೆ ಬರುತ್ತದೆ. ಆ್ಯಪ್ ಒಪ್ಪುವುದು ಕೆಂಪನ್ನು ಮಾತ್ರ. ಹತ್ತರಲ್ಲಿ ನಾಲ್ಕು ಉತ್ತರ ತಪ್ಪು ಅಂತ ತೋರಿಸಿತು. ಎರಡು ಗಂಟೆ ತಲೆ ಕೆರೆದುಕೊಂಡೆ, ನೋಟ್ಸ್ ತಿರುವಿದೆ, ರಾತ್ರಿ ನಿದ್ದೆ ಕೆಡಿಸಿಕೊಂಡೆ, ಮಾರನೇ ದಿನ ಟೀಚರಿಗೆ ಕಳಿಸಿದರೆ ನಾಲ್ಕೂ ಸರಿ ಅಂತ ವಾಯ್ಸ್ ನೋಟ್ ಬಂತು. ಅವರಿಗೆ ಸರಿ ಇದ್ದದ್ದು ಅವರ ಕಂಪನಿಯ ಆ್ಯಪಿಗೆ ಯಾಕೆ ತಪ್ಪು? ದುಡ್ಡು ತೆಗೆದುಕೊಂಡು ಸರಿಯನ್ನು ತಪ್ಪು ಅನ್ನುವುದಕ್ಕೆ ಎರಡು ಅಂಕವೂ ಜಾಸ್ತಿಯೇ.

ಇಂಗ್ಲಿಷಿನ ಸುತ್ತುದಾರಿ ಮಾಡುವ ಇನ್ನೊಂದು ಕಿತಾಪತಿ ಹೇಳಲೇಬೇಕು. ಇಂಗ್ಲಿಷಿನಲ್ಲಿ "ಮಳೆ ಬಂದರೆ"ಗೂ ಇಫ್, "ಬರುತ್ತೋ ಇಲ್ವೋ ಗೊತ್ತಿಲ್ಲ"ಕ್ಕೂ ಇಫ್. ಡಚ್ಚಿನಲ್ಲಿ ಎರಡನೆಯದಕ್ಕೆ ಆಲ್ಸ್ ಹಾಕುವ ಹಾಗಿಲ್ಲ, ಒಫ್ ಹಾಕಬೇಕು. ಇಕ್ ವೇಟ್ ನೀಟ್ ಒಫ್ ದ ಬಸ್ ಕೋಮ್ಟ್. ಬಸ್ ಬರುತ್ತೋ ಇಲ್ವೋ ಗೊತ್ತಿಲ್ಲ. ಕ್ಲಾಸಿನಲ್ಲಿ ಆರು ಜನ ಇಲ್ಲಿ ಬಿದ್ದರು, ನಾನೂ ಬಿದ್ದೆ. ಕನ್ನಡದಲ್ಲಿ ಯೋಚಿಸಿದ್ದರೆ ಬೀಳುವ ಪ್ರಶ್ನೆಯೇ ಇರಲಿಲ್ಲ. "ಬಸ್ ಬಂದರೆ ಗೊತ್ತಿಲ್ಲ" ಅಂತ ನಮ್ಮಲ್ಲಿ ಯಾರಾದರೂ ಹೇಳುತ್ತಾರಾ? ಎಲ್ಲದಕ್ಕೂ ಕನ್ನಡ ಕೈಹಿಡಿಯುತ್ತದೆ ಅಂತಲ್ಲ. "ಬಂದಾಗ", "ಬಂದರೆ" ನಮಗೆ ಬೇರೆ ಬೇರೆ. ಅವರು ಎಷ್ಟೋ ಕಡೆ ಎರಡಕ್ಕೂ ಆಲ್ಸ್ ಅಂದುಬಿಡುತ್ತಾರೆ. ನಾನು ಬಂದಾಗ ಫೋನ್ ಮಾಡುತ್ತೇನೆ ಅಂತ ಗಂಡನಿಗೆ ಡಚ್ಚಿನಲ್ಲಿ ಮೆಸೇಜ್ ಹಾಕಿದೆ. ಬಂದರೆ ಅಂತ ಓದಿಕೊಂಡು, ಬರುವುದೇ ಡೌಟಾ ಅಂತ ಗಾಬರಿಯಾದರು ಪಾಪ.

ಟೀಚರ್ ಬಗ್ಗೆ ಇನ್ನೆರಡು ಮಾತು. ಒಂದು ಸಲಕ್ಕೆ ಒಂದೇ ತಪ್ಪು ತಿದ್ದುತ್ತಾರೆ. ಮಾತಿನ ನಡುವೆ ಬಾಯಿ ಹಾಕುವುದಿಲ್ಲ. ಕಾಗದದ ಚೀಟಿಗಳಲ್ಲಿ ಪದ ಬರೆದುಕೊಂಡು ನೆಲದ ಮೇಲೆ ಜೋಡಿಸಿ ಅಂತ ಹೇಳಿಕೊಟ್ಟರು. ನಾನು ಹಳೆಯ ಕ್ಯಾಲೆಂಡರ್ ಕತ್ತರಿಸಿ ಮಾಡಿಕೊಂಡೆ, ಕ್ರಿಯಾಪದಕ್ಕೆಲ್ಲ ಹಬ್ಬದ ಕೆಂಪು ತಾರೀಖಿನ ತುಂಡು. ಅತ್ತೆ ಕಸ ಅಂತ ಎರಡು ಸಲ ಗುಡಿಸಿ ಹಾಕಿದರು. ಅವರದೇ ವಾಕ್ಯ ಇದೆ ಅದರಲ್ಲಿ ಅಂದಮೇಲೆ ಮೂರನೇ ಸಲ ಎತ್ತಿ ಡಬ್ಬಿಯಲ್ಲಿ ಹಾಕಿಟ್ಟರು.

ಸೇರಬೇಕಾ ಬೇಡವಾ ಅಂದರೆ, ಡಚ್ಚರು ಸಲಹೆ ಕೊಡುವಾಗ ಹೇಳುವ ಹಾಗೆ, ಆಲ್ಸ್ ಇಕ್ ಯೌ ವಾಸ್, ನಾನು ನಿಮ್ಮ ಜಾಗದಲ್ಲಿದ್ದರೆ, ಗ್ರೂಪ್ ಕೋರ್ಸಿಗೆ 16,800 ಸುರಿಯುವ ಬದಲು ಮೊದಲು ಟೀಚರ್ ಯಾರು ಅಂತ ಕೇಳುತ್ತಿದ್ದೆ, ಟ್ರಯಲ್ ಕ್ಲಾಸಿನಲ್ಲಿ "ಮಳೆ ಬಂದರೆ" ವಾಕ್ಯ ಹೇಗೆ ಹೇಳಿಕೊಡುತ್ತಾರೆ ನೋಡುತ್ತಿದ್ದೆ, ಆ್ಯಪ್ ಜೊತೆಗೆ ಬಂದರೆ ಸರಿ, ಅದಕ್ಕೇ ಅಂತ ಒಂದು ರೂಪಾಯಿಯೂ ಕೊಡುತ್ತಿರಲಿಲ್ಲ. ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಮಳೆಗಾಲದಲ್ಲಿ ಸೇರುವವರು ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ.

ಇನ್ನೊಂದು. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಎಂಟೂವರೆಯ ಕ್ಲಾಸು ಮತ್ತೆ ಒಂಬತ್ತೂವರೆಗೆ ಹೋಗುತ್ತದೆ. ಆಫೀಸಿನವರು ಹೇಳುವುದಿಲ್ಲ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.